ಸ್ಲೇ ದ ಸ್ಪೈರ್ ಕಲಿಕೆ: ಮೊದಲು ಎದುರಾಳಿಯ ತಲೆ ಮೇಲೆ ನೋಡಿ

‘ಸ್ಲೇ ದ ಸ್ಪೈರ್’ ಎಂಬ ಕಾರ್ಡ್ ವಿಡಿಯೊ ಗೇಮ್ ಈಗಷ್ಟೇ ಶುರು ಮಾಡಿದ್ದೀರಿ, ಮೊದಲ ಬಾಸ್ ಮುಖ ನೋಡುವ ಮುಂಚೆಯೇ ನಾಲ್ಕೈದು ಸಲ ಸತ್ತಿದ್ದೀರಿ. ಈ ಟಿಪ್ಪಣಿ ನಿಮಗೇ. ನಾನು ಅದಕ್ಕಿಂತ ಜಾಸ್ತಿ ಸಲ ಸತ್ತವನು, ಹಾಗಾಗಿ ನಾಚಿಕೆ ಬೇಡ.

ಆಟದ ಪರಿಚಯ ಚಿಕ್ಕದಾಗಿ. ಅಮೆರಿಕದ ಸಿಯಾಟಲ್‌ನ ಮೆಗಾ ಕ್ರಿಟ್ ಎಂಬ ಪುಟ್ಟ ತಂಡ ಮಾಡಿದ್ದು. 2017ರ ನವೆಂಬರ್‌ನಲ್ಲಿ ಅರ್ಧ ತಯಾರಾದ ರೂಪದಲ್ಲಿ ಬಂತು, 2019ರ ಜನವರಿಯಲ್ಲಿ ಪೂರ್ತಿ ಬಿಡುಗಡೆಯಾಯಿತು. ಈಗ ಫೋನಿನಲ್ಲೂ ಇದೆ. ಎದುರಿಗೆ ಇನ್ನೊಬ್ಬ ಆಟಗಾರ ಇರುವುದಿಲ್ಲ, ಒಬ್ಬರೇ ಗೋಪುರ ಹತ್ತಬೇಕು. ಮೂರು ಆಕ್ಟ್ (ಹಂತ), ಪ್ರತಿ ಆಕ್ಟ್ ಕೊನೆಗೆ ಒಂದು ಬಾಸ್, ಅಂದರೆ ದೊಡ್ಡ ಎದುರಾಳಿ. ಸತ್ತರೆ ಮತ್ತೆ ಕೆಳಗಿನ ಮೆಟ್ಟಿಲಿಂದ. ದುಡ್ಡು ಕೊಟ್ಟು ಕಾರ್ಡ್ ಪ್ಯಾಕೆಟ್ ಕೊಳ್ಳುವ ತಲೆನೋವು ಇಲ್ಲ. ನಾಲ್ಕು ಪಾತ್ರಗಳಿವೆ, ಮೊದಲು ಸಿಗುವವನು ಐರನ್‌ಕ್ಲಾಡ್. ಇಲ್ಲಿ ಬರೆದಿದ್ದೆಲ್ಲ ಅವನನ್ನು ಇಟ್ಟುಕೊಂಡು, ಅದೂ ಮೊದಲ ಆಕ್ಟ್ ಬಗ್ಗೆ ಮಾತ್ರ. ಅಂಕಿಗಳೆಲ್ಲ ಸಾಮಾನ್ಯ ಮಟ್ಟದವು. ಅಸೆನ್ಷನ್ ಅಂತ ಕಷ್ಟದ ಮಟ್ಟಗಳು ಆಮೇಲೆ ತೆರೆಯುತ್ತವೆ, ಆಗ ಲೆಕ್ಕ ಬದಲಾಗುತ್ತದೆ.

ಐರನ್‌ಕ್ಲಾಡ್‌ಗೆ 80 ಎಚ್‌ಪಿ (ಉಳಿದಿರುವ ಜೀವದ ಲೆಕ್ಕ). ಡೆಕ್‌ನಲ್ಲಿ (ಕಾರ್ಡ್ ಕಟ್ಟಿನಲ್ಲಿ) 10 ಕಾರ್ಡ್: 5 ಸ್ಟ್ರೈಕ್ (6ರ ಏಟು), 4 ಡಿಫೆಂಡ್ (5 ಬ್ಲಾಕ್, ಅಂದರೆ ಅಷ್ಟು ಏಟು ತಡೆಯುತ್ತದೆ), 1 ಬ್ಯಾಶ್ (8ರ ಏಟು, ಜೊತೆಗೆ ಎದುರಾಳಿಗೆ 2 ಸುತ್ತು ‘ವಲ್ನರಬಲ್’). ವಲ್ನರಬಲ್ ಆದವನಿಗೆ ಏಟು ಒಂದೂವರೆ ಪಟ್ಟು ಬೀಳುತ್ತದೆ. ಪ್ರತಿ ಸುತ್ತಿಗೆ 5 ಕಾರ್ಡ್ ಬರುತ್ತವೆ, ಖರ್ಚು ಮಾಡಲು 3 ಎನರ್ಜಿ. ಬ್ಯಾಶ್‌ಗೆ 2 ಬೇಕು, ಉಳಿದವಕ್ಕೆ 1. ಸುತ್ತು ಮುಗಿದಾಗ ಉಳಿದ ಕಾರ್ಡೆಲ್ಲ ಪಕ್ಕಕ್ಕೆ ಹೋಗುತ್ತವೆ. ಬ್ಲಾಕ್ ಕೂಡ ನಿಮ್ಮ ಮುಂದಿನ ಸುತ್ತು ಬರುವಷ್ಟರಲ್ಲಿ ಆವಿ. ಈ ಕೊನೆಯ ಮಾತನ್ನು ಗಟ್ಟಿಯಾಗಿ ನೆನಪಿಟ್ಟುಕೊಳ್ಳಿ.

ಒಂದು ಜಗಳ, ಹತ್ತಿರದಿಂದ

ಹೊಸಬರ ಕಣ್ಣು ತಮ್ಮ ಕೈಯಲ್ಲಿರುವ ಕಾರ್ಡ್ ಮೇಲೇ ಇರುತ್ತದೆ. ಯಾವುದು ಚೆನ್ನಾಗಿದೆ, ಯಾವುದನ್ನು ಹಾಕಲಿ ಅಂತ. ಆದರೆ ಈ ಆಟದ ವಿಶೇಷವೇ ಬೇರೆ. ಎದುರಾಳಿ ಈ ಸುತ್ತಿನಲ್ಲಿ ಏನು ಮಾಡುತ್ತಾನೆ ಅನ್ನೋದು ಅವನ ತಲೆ ಮೇಲೆ ಚಿತ್ರವಾಗಿ ಕಾಣುತ್ತದೆ. ಹೊಡೆಯುತ್ತಾನೆ ಅಂದರೆ ಕತ್ತಿ, ಪಕ್ಕದಲ್ಲೇ ಎಷ್ಟು ಅನ್ನುವ ಸಂಖ್ಯೆ. ಇಸ್ಪೀಟ್ ಆಡುವಾಗ ಎದುರಿನವನೇ ತನ್ನ ಎಲೆ ತಿರುಗಿಸಿ ತೋರಿಸಿದ ಹಾಗೆ. ನಾವು ಅದನ್ನು ನೋಡೋದೇ ಇಲ್ಲ!

ಎದುರಿಗೆ ಕಲ್ಟಿಸ್ಟ್ ಇದ್ದಾನೆ ಅಂದುಕೊಳ್ಳಿ. ಹಕ್ಕಿ ಮುಖ ಹಾಕಿಕೊಂಡು ‘ಕಾ ಕಾ’ ಅಂತ ಕೂಗುವವನು. ಅವನ ಎಚ್‌ಪಿ 48ರಿಂದ 54ರ ಒಳಗೆ ಇರುತ್ತದೆ, ಇವತ್ತು 50 ಅಂತ ಇಟ್ಟುಕೊಳ್ಳೋಣ. ನಿಮ್ಮ ಕೈಗೆ ಬಂದದ್ದು ಬ್ಯಾಶ್, 2 ಸ್ಟ್ರೈಕ್, 2 ಡಿಫೆಂಡ್.

ನಾನು ಮೊದಲ ಸಲ ಏನು ಮಾಡಿದೆ ಗೊತ್ತಾ? ಎರಡು ಡಿಫೆಂಡ್, ಒಂದು ಸ್ಟ್ರೈಕ್. ‘ಸೇಫ್ ಆಗಿರೋಣ’ ಅಂತ. ಆದರೆ ಕಲ್ಟಿಸ್ಟ್ ಮೊದಲ ಸುತ್ತಿನಲ್ಲಿ ಹೊಡೆಯುವುದೇ ಇಲ್ಲ, ಮಂತ್ರ ಹೇಳುತ್ತಾನೆ ಅಷ್ಟೇ. ತಲೆ ಮೇಲೆ ಕತ್ತಿ ಇರಲಿಲ್ಲ. ನನ್ನ 10 ಬ್ಲಾಕ್ ಸುಮ್ನೆ ಗಾಳಿಗೆ ಹೋಯಿತು. ಆ ಮಂತ್ರದಿಂದ ಅವನ ಏಟು ಪ್ರತಿ ಸುತ್ತಿಗೂ 3 ಏರುತ್ತದೆ: 6, 9, 12, 15. ಅಂದರೆ ಇವನನ್ನು ಬೇಗ ಮುಗಿಸಬೇಕು. ನಾನು ನಿಧಾನ ಮಾಡಿದೆ.

ಈಗ ಸರಿಯಾದ ಲೆಕ್ಕ. ಮೊದಲ ಸುತ್ತು: ಬ್ಯಾಶ್, ಆಮೇಲೆ ಸ್ಟ್ರೈಕ್. ಬ್ಯಾಶ್ 8. ಅದಾದ ಮೇಲೆ ಅವನು ವಲ್ನರಬಲ್, ಹಾಗಾಗಿ ಸ್ಟ್ರೈಕ್ 6ರ ಬದಲು 9. ಒಟ್ಟು 17. (ಸ್ಟ್ರೈಕ್ ಮೊದಲು ಹಾಕಿದ್ದರೆ 14 ಮಾತ್ರ. ಅದೇ ಎರಡು ಕಾರ್ಡ್, ಅದೇ ಎನರ್ಜಿ.) ಎರಡನೇ ಸುತ್ತಿಗೆ ಡೆಕ್‌ನ ಉಳಿದ 5 ಕಾರ್ಡ್ ಬರುತ್ತವೆ: 3 ಸ್ಟ್ರೈಕ್, 2 ಡಿಫೆಂಡ್. ಅವನಿನ್ನೂ ವಲ್ನರಬಲ್. ಮೂರೂ ಸ್ಟ್ರೈಕ್ ಹಾಕಿ, 27. ಒಟ್ಟು 44 ಆಯಿತು. ಅವನು ನಿಮಗೆ 6 ಹೊಡೆಯುತ್ತಾನೆ, ಹೊಡೆಯಲಿ. ಮೂರನೇ ಸುತ್ತಿನಲ್ಲಿ ಡೆಕ್ ಮತ್ತೆ ಕಲಸಿ 5 ಕಾರ್ಡ್ ಬರುತ್ತವೆ. ಡಿಫೆಂಡ್ ಇರೋದೇ 4, ಹಾಗಾಗಿ ಒಂದಾದರೂ ಹೊಡೆಯುವ ಕಾರ್ಡ್ ಬಂದೇ ಬರುತ್ತದೆ. ಒಂದು ಸ್ಟ್ರೈಕ್, ಕಥೆ ಮುಗಿಯಿತು.

ನೀವು ಕಳೆದುಕೊಂಡದ್ದು 6. ಐರನ್‌ಕ್ಲಾಡ್ ಹತ್ತಿರ ಶುರುವಿನಿಂದಲೇ ಇರುವ ‘ಬರ್ನಿಂಗ್ ಬ್ಲಡ್’ ರೆಲಿಕ್ (ಜೊತೆಗಿದ್ದು ಸಹಾಯ ಮಾಡುವ ವಸ್ತು) ಪ್ರತಿ ಜಗಳದ ಕೊನೆಗೆ 6 ಎಚ್‌ಪಿ ವಾಪಸ್ ಕೊಡುತ್ತದೆ. ಲೆಕ್ಕ ಚುಕ್ತಾ.

ಹಾಗಂತ ಡಿಫೆಂಡ್ ಬೇಡವೇ ಬೇಡ ಅಂತಲ್ಲ. ಕತ್ತಿ ಪಕ್ಕ ದೊಡ್ಡ ಸಂಖ್ಯೆ ಇದ್ದು, ಈ ಸುತ್ತಿನಲ್ಲಿ ಅವನನ್ನು ಮುಗಿಸಲು ಆಗಲ್ಲ ಅಂದರೆ ಬ್ಲಾಕ್ ಮಾಡಲೇಬೇಕು. ನಾನು ಕೇಳಿಕೊಳ್ಳುವ ಪ್ರಶ್ನೆ ಇದು: ಈ ಒಂದು ಎನರ್ಜಿಯನ್ನು ಹೊಡೆಯಲು ಬಳಸಿದರೆ ಜಗಳ ಒಂದು ಸುತ್ತು ಬೇಗ ಮುಗಿಯುತ್ತದಾ? ಮುಗಿಯುತ್ತದೆ ಅಂದರೆ ಆ ಸುತ್ತಿನ ಪೂರ್ತಿ ಏಟು ತಪ್ಪಿತು. ಡಿಫೆಂಡ್ ಉಳಿಸುವುದು 5 ಮಾತ್ರ.

ಮೂರು ಕಾರ್ಡ್ ಮುಂದಿಟ್ಟಾಗ

ಪ್ರತಿ ಜಗಳ ಗೆದ್ದಾಗ ಮೂರು ಕಾರ್ಡ್ ತೋರಿಸಿ ಒಂದನ್ನು ತಗೊಳ್ಳಿ ಅನ್ನುತ್ತದೆ ಆಟ. ‘ಬೇಡ’ ಅನ್ನೋ ಬಟನ್ ಕೂಡ ಇದೆ. ನನಗೆ ಅದು ಕಣ್ಣಿಗೆ ಬೀಳಲು ಎರಡು ವಾರ ಬೇಕಾಯಿತು. ಮದುವೆ ಊಟದಲ್ಲಿ ಬಡಿಸಿದ್ದಕ್ಕೆಲ್ಲ ಎಲೆ ಒಡ್ಡಿದ ಹಾಗೆ ಎಲ್ಲವನ್ನೂ ಹಾಕಿಸಿಕೊಂಡೆ. ಒಂದು ಸಲ ಡೆಕ್ 34 ಕಾರ್ಡ್ ಆಗಿತ್ತು. ಸುತ್ತಿಗೆ 5 ಬಂದರೆ ಇಡೀ ಡೆಕ್ ಒಂದು ಸಲ ಕಣ್ಣಿಗೆ ಬೀಳಲು 7 ಸುತ್ತು. ಅಷ್ಟರಲ್ಲಿ ನಾನು ಇರಬೇಕಲ್ಲ! ಆ ಡೆಕ್‌ನಲ್ಲಿ ‘ಲಿಮಿಟ್ ಬ್ರೇಕ್’ ಅನ್ನೋ ಅಪರೂಪದ ಕಾರ್ಡ್ ಇತ್ತು, ನಿಮ್ಮ ಸ್ಟ್ರೆಂತ್ (ಪ್ರತಿ ಏಟಿಗೂ ಸೇರುವ ಬಲ) ಅನ್ನು ದುಪ್ಪಟ್ಟು ಮಾಡುತ್ತದೆ. ಸ್ಟ್ರೆಂತ್ ಕೊಡುವ ಕಾರ್ಡ್ ಒಂದೂ ಇರಲಿಲ್ಲ. ಸೊನ್ನೆಯ ದುಪ್ಪಟ್ಟು ಎಷ್ಟು ಅಂತ ಬಾಸ್ ಮುಂದೆ ನಿಂತು ಕಲಿತೆ.

ರಮ್ಮಿಯಲ್ಲಿ ಒಂದು ಎಲೆ ಎತ್ತಿದರೆ ಒಂದನ್ನು ಬಿಡಲೇಬೇಕು, ಕೈ ಯಾವತ್ತೂ ಉಬ್ಬುವುದಿಲ್ಲ. ಇಲ್ಲಿ ಬಿಡುವುದಕ್ಕೆ ದುಡ್ಡು ಕೊಡಬೇಕು. ಅಂಗಡಿಯಲ್ಲಿ ಒಂದು ಕಾರ್ಡ್ ತೆಗೆಸಲು 75 ಚಿನ್ನ, ಪ್ರತಿ ಸಲ ತೆಗೆಸಿದಾಗಲೂ 25 ಏರುತ್ತದೆ. ಆದರೂ ಆ ದುಡ್ಡು ದಂಡ ಅಲ್ಲ. ಒಂದು ಸ್ಟ್ರೈಕ್ ಹೋದರೆ ಒಳ್ಳೆ ಕಾರ್ಡ್‌ಗಳು ಬೇಗ ಬೇಗ ಕೈಗೆ ಬರುತ್ತವೆ. ಹೊಸಬರು ಅಂಗಡಿಯಲ್ಲಿ ಮೊದಲು ಇದನ್ನೇ ನೋಡಿ ಅಂತ ನನ್ನ ಸಲಹೆ.

ಹಾಗಾದರೆ ಯಾವ ಕಾರ್ಡ್ ತಗೊಳ್ಳೋದು? ಮೊದಲ ಮೂರು ನಾಲ್ಕು ಜಗಳಗಳಲ್ಲಿ ಯೋಚನೆ ಬೇಡ, ಚೆನ್ನಾಗಿ ಹೊಡೆಯುವ ಕಾರ್ಡ್ ತಗೊಳ್ಳಿ. ‘ಪಾಮೆಲ್ ಸ್ಟ್ರೈಕ್’ 9 ಹೊಡೆದು ಇನ್ನೊಂದು ಕಾರ್ಡ್ ಎಳೆದುಕೊಡುತ್ತದೆ. ‘ಕಾರ್ನೇಜ್’ 2 ಎನರ್ಜಿಗೆ 20 ಹೊಡೆಯುತ್ತದೆ. ‘ಕ್ಲೀವ್’ ಎದುರಿರುವ ಎಲ್ಲರಿಗೂ 8. ಇವು ನೋಡಲು ಸಾದಾ, ಆದರೆ ಈಗ ಬೇಕಾಗಿರೋದು ಇವೇ. ‘ಡೀಮನ್ ಫಾರ್ಮ್’ ಕಂಡರೆ ಬಾಯಲ್ಲಿ ನೀರೂರುತ್ತದೆ, ಪ್ರತಿ ಸುತ್ತಿಗೂ ಸ್ಟ್ರೆಂತ್ ಕೊಡುವ ಕಾರ್ಡ್. ಆದರೆ ಅದಕ್ಕೆ 3 ಎನರ್ಜಿ, ಅಂದರೆ ಆ ಸುತ್ತಿನಲ್ಲಿ ಬೇರೇನೂ ಇಲ್ಲ. ಮೊದಲ ಆಕ್ಟ್‌ನಲ್ಲಿ ಅಷ್ಟು ಪುರುಸೊತ್ತು ಯಾರು ಕೊಡುತ್ತಾರೆ?

ಹೊಡೆಯುವ ಕಾರ್ಡ್ ಯಾಕೆ ಬೇಕು ಅಂದರೆ ಮುಂದೆ ಇವನು ಕಾಯುತ್ತಿರುತ್ತಾನೆ.

ಗ್ರೆಮ್ಲಿನ್ ನಾಬ್

ಮೊದಲ ಆಕ್ಟ್‌ನಲ್ಲಿ ಮೂರು ಬಗೆಯ ಗಟ್ಟಿ ಎದುರಾಳಿಗಳು, ಅಂದರೆ ಎಲೀಟ್‌ಗಳಿವೆ. ಹೊಸಬರನ್ನು ಹೆಚ್ಚು ಕೊಲ್ಲೋದು ನಾಬ್ ಅಂತ ನನ್ನ ಅನುಭವ. ಎಚ್‌ಪಿ 82ರಿಂದ 86. ಮೊದಲ ಸುತ್ತಿನಲ್ಲಿ ಅರಚುತ್ತಾನೆ, ಹೊಡೆಯಲ್ಲ. ಅಲ್ಲಿಂದಾಚೆ ನೀವು ಒಂದೊಂದು ‘ಸ್ಕಿಲ್’ (ನೇರವಾಗಿ ಹೊಡೆಯದ) ಕಾರ್ಡ್ ಇಳಿಸಿದಾಗಲೂ ಅವನ ಸ್ಟ್ರೆಂತ್ 2 ಏರುತ್ತದೆ, ಮತ್ತೆ ಇಳಿಯಲ್ಲ. ಡಿಫೆಂಡ್ ಕೂಡ ಸ್ಕಿಲ್ಲೇ.

ಲೆಕ್ಕ ಹಾಕಿ. ಡಿಫೆಂಡ್‌ನಿಂದ 5 ಉಳಿಯಿತು, ಅದೇ ಸುತ್ತಿನಲ್ಲಿ ಅವನ ಏಟು 2 ಏರಿತು. ಲಾಭ 3. ಮುಂದಿನ ಏಟಿಗೆ ಇನ್ನೊಂದು 2, ಲಾಭ 1. ಅದರ ಮುಂದಿನ ಏಟಿಗೆ ನಷ್ಟ ಶುರು. ಅವನ ಮಾಮೂಲಿ ಏಟೇ 14. ಹೆದರಿ ಹೆದರಿ ಬ್ಲಾಕ್ ಮಾಡಿದವರು ನಾಲ್ಕನೇ ಸುತ್ತಿಗೆ ಅವನ ತಲೆ ಮೇಲೆ 22, 24 ಅಂತ ನೋಡಿ ಕಂಗಾಲಾಗುತ್ತಾರೆ. ಅಂದರೆ ಇವನಿಗೆ ಉತ್ತರ ಒಂದೇ, ಬ್ಲಾಕ್ ಮರೆತು ಸತತವಾಗಿ ಹೊಡೆಯೋದು. ಬರೀ ಸ್ಟ್ರೈಕ್ ಇದ್ದರೆ ಅದು ಸಾಲದು. ಎರಡು ಮೂರು ಒಳ್ಳೆ ಏಟಿನ ಕಾರ್ಡ್, ಒಂದು ಪೋಷನ್ (ಒಂದೇ ಸಲ ಬಳಸುವ ಮದ್ದು) ಇದ್ದರೆ ಇವನು ದೊಡ್ಡ ವಿಷಯವೇ ಅಲ್ಲ. ಪೋಷನ್ ಇರೋದು ಕುಡಿಯಲಿಕ್ಕೆ. ಮೂರೂ ಬಾಟಲಿ ತುಂಬಿಟ್ಟುಕೊಂಡು ಸತ್ತವರ ಪಟ್ಟಿಯಲ್ಲಿ ನಾನೂ ಇದ್ದೇನೆ.

ಉಳಿದ ಇಬ್ಬರ ಬಗ್ಗೆ ಒಂದೊಂದು ಮಾತು. ಲಾಗಾವುಲಿನ್ ನಿದ್ದೆ ಮಾಡುತ್ತಿರುತ್ತದೆ. ನೀವು ಗಾಯ ಮಾಡದಿದ್ದರೆ ಮೂರು ಸುತ್ತು ತಾನಾಗಿ ಏಳಲ್ಲ, ಅಷ್ಟರಲ್ಲಿ ತಯಾರಿ ಮಾಡಿಕೊಳ್ಳಿ. ಎದ್ದ ಮೇಲೆ 18ರ ಏಟು ಕೊಡುತ್ತದೆ. ಸೆಂಟ್ರಿಗಳು ಮೂರು ಒಟ್ಟಿಗೆ ಬಂದು ನಿಮ್ಮ ಡೆಕ್‌ಗೆ ‘ಡೇಝ್ಡ್’ ಅನ್ನೋ ಕೆಲಸಕ್ಕೆ ಬಾರದ ಕಾರ್ಡ್ ತುರುಕುತ್ತವೆ. ಕ್ಲೀವ್ ತಗೊಂಡವರು ಇಲ್ಲಿ ನಗುತ್ತಾರೆ.

ಮ್ಯಾಪ್ ಕೂಡ ಬಾಯಿ ಬಿಡುತ್ತದೆ

ಒಳಗೆ ಕಾಲಿಡುವ ಮುಂಚೆಯೇ ಆಕ್ಟ್‌ನ ಪೂರ್ತಿ ಮ್ಯಾಪ್ ಕಾಣುತ್ತದೆ. ಮೊದಲ ಮಹಡಿ ಯಾವಾಗಲೂ ಜಗಳ, 9ನೇದು ಪೆಟ್ಟಿಗೆ, 15ನೇದು ವಿಶ್ರಾಂತಿಯ ಬೆಂಕಿ, ಅದರ ಮೇಲೆ ಬಾಸ್. ಮೊದಲ 5 ಮಹಡಿಯಲ್ಲಿ ಎಲೀಟ್ ಇರಲ್ಲ. ಅದರಲ್ಲೂ ಮೊದಲ ಮೂರು ಜಗಳ ಸುಲಭದ ಎದುರಾಳಿಗಳ ಜೊತೆ. ಹಾಗಾಗಿ ಕೆಳಗಡೆ ಜಗಳಗಳನ್ನು ತಪ್ಪಿಸಿಕೊಂಡು ಓಡಬೇಡಿ, ಕಾರ್ಡ್ ಸಿಗುವ ಜಾಗವೇ ಅದು. ಎಲೀಟ್ ಗೆದ್ದರೆ ರೆಲಿಕ್ ಸಿಗುತ್ತದೆ, ಅದು ಕೊನೆವರೆಗೂ ಜೊತೆಗಿರುತ್ತದೆ. ಹೊಸಬರಿಗೆ ಒಂದು ಆಕ್ಟ್‌ಗೆ ಒಂದು ಎಲೀಟ್ ಸಾಕು, ಮೈ ಗಟ್ಟಿ ಇದ್ದರೆ ಎರಡು. ದಾರಿ ಆರಿಸುವಾಗ ಎಲೀಟ್‌ನ ಸ್ವಲ್ಪ ಕೆಳಗೆ ಕವಲೊಡೆಯುವ ದಾರಿ ಹಿಡಿಯಿರಿ. ಆ ಹೊತ್ತಿಗೆ ಎಚ್‌ಪಿ 30 ಇದ್ದರೆ ಪಕ್ಕಕ್ಕೆ ಸರಿಯಬಹುದು.

ಬೆಂಕಿಯ ಹತ್ತಿರ ಎರಡು ಆಯ್ಕೆ: ಮಲಗಿ ಒಟ್ಟು ಎಚ್‌ಪಿಯ ನೂರಕ್ಕೆ 30ರಷ್ಟು ವಾಪಸ್ ಪಡೆಯೋದು, ಇಲ್ಲವೇ ಒಂದು ಕಾರ್ಡನ್ನು ಅಪ್‌ಗ್ರೇಡ್ ಮಾಡೋದು. ನಾವೆಲ್ಲ ಮಲಗುತ್ತೇವೆ. ಅರ್ಧಕ್ಕಿಂತ ಜಾಸ್ತಿ ಎಚ್‌ಪಿ ಇದ್ದರೆ ಅಪ್‌ಗ್ರೇಡ್ ಮಾಡಿ. ಮೊದಲಿಗೆ ಬ್ಯಾಶ್ ಒಳ್ಳೆ ಆಯ್ಕೆ: 8 ಇದ್ದದ್ದು 10 ಆಗುತ್ತದೆ, ವಲ್ನರಬಲ್ 3 ಸುತ್ತು ಇರುತ್ತದೆ.

ಬಾಸ್ ಯಾರು ಅಂತಲೂ ಗೊತ್ತು

ಮ್ಯಾಪ್‌ನ ತುದಿಯಲ್ಲಿ ಬಾಸ್ ಚಿತ್ರ ಇರುತ್ತದೆ. ಮೂವರಲ್ಲಿ ಒಬ್ಬರು ಬರುತ್ತಾರೆ.

ಹೆಕ್ಸಾಗೋಸ್ಟ್ (250 ಎಚ್‌ಪಿ) ಸ್ವಲ್ಪ ತಮಾಷೆ. ಮೊದಲ ಸುತ್ತು ಸುಮ್ಮನಿರುತ್ತದೆ, ಎರಡನೇ ಸುತ್ತಿನಲ್ಲಿ ಆರು ಸಲ ಹೊಡೆಯುತ್ತದೆ. ಒಂದೊಂದು ಏಟು ಎಷ್ಟು ಅನ್ನೋದು ನಿಮ್ಮ ಎಚ್‌ಪಿ ಮೇಲೇ ನಿಂತಿದೆ: ಅದನ್ನು 12ರಿಂದ ಭಾಗಿಸಿ, ಚಿಲ್ಲರೆ ಬಿಟ್ಟು, 1 ಸೇರಿಸಿ. ನಿಮಗೆ 50 ಇದ್ದರೆ ಏಟು 5, ಆರು ಸಲಕ್ಕೆ 30, ಉಳಿಯೋದು 20. ಅದೇ ಬೆಂಕಿ ಹತ್ತಿರ ಮಲಗಿ 74 ಮಾಡಿಕೊಂಡು ಬಂದರೆ ಏಟು 7, ಒಟ್ಟು 42, ಉಳಿಯೋದು 32. ಮಲಗಿ ಗಳಿಸಿದ 24ರಲ್ಲಿ ಅರ್ಧ ಅದೇ ತಿಂದಿತು! ಅದಕ್ಕೇ ಇದರ ಮುಂಚೆ ಎಚ್‌ಪಿ ತೀರಾ ಕಮ್ಮಿ ಇಲ್ಲದಿದ್ದರೆ ನಾನು ಮಲಗುವುದಿಲ್ಲ.

ಸ್ಲೈಮ್ ಬಾಸ್‌ಗೆ 140. ಅರ್ಧಕ್ಕೆ, ಅಂದರೆ 70ಕ್ಕೆ ಬಂದ ಕೂಡಲೇ ಒಡೆದು ಎರಡಾಗುತ್ತದೆ, ಆ ಹೊತ್ತಿಗೆ ಎಷ್ಟು ಎಚ್‌ಪಿ ಉಳಿದಿತ್ತೋ ಅಷ್ಟು ಎರಡಕ್ಕೂ. ಸಣ್ಣ ಏಟಿನಿಂದ 69ಕ್ಕೆ ಒಡೆದರೆ ನಿಮ್ಮ ಮುಂದೆ 69ರ ಎರಡು. ಅದರ ಬದಲು 72ಕ್ಕೆ ತಂದು ನಿಲ್ಲಿಸಿ, ವಲ್ನರಬಲ್ ಇರುವಾಗ ಕಾರ್ನೇಜ್ ಹಾಕಿದರೆ 30 ಇಳಿಯುತ್ತದೆ. ಆಗ 42ರ ಎರಡು. ದೊಡ್ಡ ಏಟನ್ನು ಆ ಗಳಿಗೆಗೆ ಇಟ್ಟುಕೊಳ್ಳಿ.

ಗಾರ್ಡಿಯನ್ (240) ಬಂದರೆ ಅದರ 32ರ ದೊಡ್ಡ ಏಟು ಬೀಳುವ ಮುಂಚೆ 30 ಇಳಿಸಿ. ಅದು ಗುಂಡಾಗಿ ಮುದುರಿಕೊಳ್ಳುತ್ತದೆ, ಏಟು ತಪ್ಪುತ್ತದೆ. ಮುದುರಿರುವಾಗ ನೀವು ಹೊಡೆಯುವ ಕಾರ್ಡ್ ಇಳಿಸಿದಾಗಲೆಲ್ಲ ನಿಮಗೇ 3 ಚುಚ್ಚುತ್ತದೆ, ಆಗ ಸ್ವಲ್ಪ ತಾಳ್ಮೆ ಇರಲಿ.

ಬಾಸ್ ಬಿದ್ದ ಮೇಲೆ ಎಚ್‌ಪಿ ಪೂರ್ತಿ ತುಂಬುತ್ತದೆ, ಮೂರು ಬಾಸ್ ರೆಲಿಕ್‌ನಲ್ಲಿ ಒಂದನ್ನು ಆರಿಸಬಹುದು. ಹಲವು ರೆಲಿಕ್‌ಗಳು ಪ್ರತಿ ಸುತ್ತಿಗೆ 1 ಎನರ್ಜಿ ಜಾಸ್ತಿ ಕೊಟ್ಟು ಬದಲಿಗೆ ಏನಾದರೂ ಕಿತ್ತುಕೊಳ್ಳುತ್ತವೆ. ‘ಕಾಫಿ ಡ್ರಿಪ್ಪರ್’ ತಗೊಂಡರೆ ಬೆಂಕಿ ಹತ್ತಿರ ಮಲಗುವಂತಿಲ್ಲ. ‘ಫ್ಯೂಷನ್ ಹ್ಯಾಮರ್’ ತಗೊಂಡರೆ ಅಪ್‌ಗ್ರೇಡ್ ಇಲ್ಲ. ಇವನ್ನು ಹೇಗೋ ನಿಭಾಯಿಸಬಹುದು. ‘ರೂನಿಕ್ ಡೋಮ್’ ಅಂತ ಇನ್ನೊಂದಿದೆ. ಅದೂ 1 ಎನರ್ಜಿ ಕೊಡುತ್ತದೆ, ಆದರೆ ಆಮೇಲೆ ಯಾವ ಎದುರಾಳಿಯ ತಲೆ ಮೇಲೂ ಚಿತ್ರ ಕಾಣಲ್ಲ. ಮೊದಲ ಸಲ ಅದು ಸಿಕ್ಕಾಗ ಒಂದು ಎನರ್ಜಿ ತಾನೇ ಮುಖ್ಯ ಅಂತ ನಾನು ಖುಷಿಯಿಂದ ತಗೊಂಡೆ. ಎರಡನೇ ಆಕ್ಟ್‌ನ ಮೂರನೇ ಜಗಳ ದಾಟಲಿಲ್ಲ.