ತೆರಿಗೆ ಉಳಿಸಲೆಂದು ಕೊಳ್ಳುವ ಕಾರು

ಮಾರ್ಚ್ 25 ದಾಟಿತೆಂದರೆ ನನ್ನ ಕಚೇರಿಗೆ ಬರುವ ಫೋನುಗಳ ಧಾಟಿಯೇ ಬದಲಾಗುತ್ತದೆ. ಅಲ್ಲಿಯವರೆಗೆ ಜಿಎಸ್‌ಟಿ ನೋಟಿಸು, ಬ್ಯಾಂಕಿನ ಸ್ಟಾಕ್ ಸ್ಟೇಟ್‌ಮೆಂಟು ಎಂದು ಗೋಳಾಡುತ್ತಿದ್ದವರು ಒಮ್ಮೆಲೇ ದನಿ ತಗ್ಗಿಸಿ, "ಸರ್, ಈ ಸಲ ಲಾಭ ಸ್ವಲ್ಪ ಜಾಸ್ತಿ ಕಾಣ್ತಿದೆ, ಫರ್ಮ್ ಹೆಸರಲ್ಲಿ ಒಂದು ಬೆಂಜ್ ತಗೊಂಡುಬಿಟ್ರೆ ಟ್ಯಾಕ್ಸ್ ಉಳಿಯುತ್ತಲ್ವಾ?" ಎಂದು ಕೇಳುತ್ತಾರೆ. ಪೀಣ್ಯದ ಸಣ್ಣ ಕೈಗಾರಿಕೆಗಳ ಲೆಕ್ಕಪತ್ರ ನೋಡುತ್ತಲೇ ತಲೆ ನರೆತಿರುವ ನನಗೆ ಈ ಪ್ರಶ್ನೆ ಯುಗಾದಿಯ ಹೋಳಿಗೆಯಷ್ಟೇ ನಿಯಮಿತವಾಗಿ ಬರುತ್ತದೆ. ಹೋಳಿಗೆಯಷ್ಟು ರುಚಿಸುವುದಿಲ್ಲ ಎಂಬುದಷ್ಟೇ ವ್ಯತ್ಯಾಸ.

ದುಬಾರಿ ಕಾರಿನ ಆಸೆಯ ಬಗ್ಗೆ ನನಗೆ ತಕರಾರಿಲ್ಲ. ಲೇತ್ ಮುಂದೆ ನಿಂತು ಇಪ್ಪತ್ತು ವರ್ಷ ಕಬ್ಬಿಣದ ಚೂರು ಚುಚ್ಚಿಸಿಕೊಂಡವರಿಗೆ ಒಳ್ಳೆಯ ಸೀಟಿನಲ್ಲಿ ಕೂರುವ ಹಕ್ಕು ಎಲ್ಲರಿಗಿಂತ ಹೆಚ್ಚೇ ಇದೆ. ನನ್ನ ತಕರಾರಿರುವುದು ಆ ಆಸೆಗೆ ತೆರಿಗೆ ಉಳಿತಾಯದ ಅಂಗಿ ತೊಡಿಸಿ ಕರೆತರುವುದರ ಬಗ್ಗೆ.

ಲೆಕ್ಕವನ್ನೇ ನೋಡೋಣ. ಎಕ್ಸ್-ಶೋರೂಂ ಬೆಲೆ 60 ಲಕ್ಷ ರೂಪಾಯಿಯ ಒಂದು ಪೆಟ್ರೋಲ್ ಕಾರು ಎಂದಿಟ್ಟುಕೊಳ್ಳಿ. 20 ಲಕ್ಷ ಮೀರಿದ ಕಾರಿಗೆ ನಮ್ಮ ರಾಜ್ಯದ ಜೀವಾವಧಿ ತೆರಿಗೆ ಶೇ. 18, ಅದರ ಮೇಲಿನ ಸೆಸ್ ಸೇರಿದರೆ ಸುಮಾರು 12 ಲಕ್ಷ. ವಿಮೆ ಮತ್ತಿತರ ಬಾಬ್ತುಗಳೂ ಸೇರಿ ರಸ್ತೆಗಿಳಿಯುವ ಹೊತ್ತಿಗೆ 75 ಲಕ್ಷದ ಆಸುಪಾಸಿಗೆ ಬರುತ್ತದೆ. ವಿಮೆಯನ್ನು ಬಿಟ್ಟು, ಆಸ್ತಿಯ ಬೆಲೆಯಾಗಿ ಪುಸ್ತಕಕ್ಕೆ ಏರುವುದು 72 ಲಕ್ಷ ಎಂದು ಹಿಡಿಯೋಣ. ಕಾರಿನ ಮೇಲೆ ಆದಾಯ ತೆರಿಗೆ ಕಾನೂನು ಒಪ್ಪುವ ಸವಕಳಿ, ಅಂದರೆ ನಾವೆಲ್ಲ ಡಿಪ್ರಿಸಿಯೇಷನ್ ಎನ್ನುವುದು, ವರ್ಷಕ್ಕೆ ಶೇ. 15. ಆ ವರ್ಷದಲ್ಲಿ 180 ದಿನಕ್ಕಿಂತ ಕಡಿಮೆ ಬಳಸಿದ್ದರೆ ಅದರಲ್ಲಿಯೂ ಅರ್ಧ ಮಾತ್ರ. ಮಾರ್ಚ್ 28ಕ್ಕೆ ಕೊಂಡ ಕಾರನ್ನು 180 ದಿನ ಬಳಸಿದೆನೆಂದು ಹೇಳಲು ಯಾವ ಲೆಕ್ಕಪರಿಶೋಧಕನಿಂದಲೂ ಸಾಧ್ಯವಿಲ್ಲ. ಆದ್ದರಿಂದ ಸಿಗುವುದು ಶೇ. 7.5, ಅಂದರೆ 5 ಲಕ್ಷ 40 ಸಾವಿರ.

ಎಲ್ಲರೂ ಎಡವುವುದು ಇಲ್ಲಿಯೇ. ಆದ್ದರಿಂದ ನಿಧಾನವಾಗಿ ಹೇಳುತ್ತೇನೆ. ಈ 5 ಲಕ್ಷ 40 ಸಾವಿರ ನಿಮಗೆ ಉಳಿದ ತೆರಿಗೆಯಲ್ಲ. ನಿಮ್ಮ ಲಾಭದಿಂದ ಕಳೆಯಲು ಬಿಟ್ಟ ಮೊತ್ತ. ಪಾಲುದಾರಿಕೆ ಸಂಸ್ಥೆಗೆ ತೆರಿಗೆ ಶೇ. 30, ಸೆಸ್ ಸೇರಿ 31.2. ಆದಾಯ ಒಂದು ಕೋಟಿ ಮೀರಿದರೆ ಸರ್‌ಚಾರ್ಜಿನಿಂದ ದರ ಸ್ವಲ್ಪ ಏರುತ್ತದೆ. ಅದನ್ನು ಸದ್ಯಕ್ಕೆ ಬಿಡೋಣ. 5.40 ಲಕ್ಷದ ಮೇಲೆ 31.2ರಂತೆ ಉಳಿಯುವುದು 1 ಲಕ್ಷ 68 ಸಾವಿರ. ಮಾರ್ಚ್ 31ರೊಳಗೆ 75 ಲಕ್ಷದ ಹೊಣೆ ಹೊತ್ತುಕೊಂಡು ಆ ವರ್ಷ ನೀವು ಉಳಿಸಿದ್ದು ಇಷ್ಟು. ಮುಂದಿನ ವರ್ಷಗಳಲ್ಲಿಯೂ ಸವಕಳಿ ಸಿಗುತ್ತದಲ್ಲವೇ ಎಂದರೆ, ಸಿಗುತ್ತದೆ. ಆದರೆ ಪ್ರತಿ ವರ್ಷವೂ ಉಳಿದ ಬೆಲೆಯ ಮೇಲೆ ಲೆಕ್ಕ ಹಾಕುವುದರಿಂದ ಮೊತ್ತ ಕರಗುತ್ತ ಹೋಗುತ್ತದೆ. ಐದು ಹಣಕಾಸು ವರ್ಷ ಕಳೆದರೂ ಒಟ್ಟು ಉಳಿಯುವ ತೆರಿಗೆ ಸುಮಾರು 11 ಲಕ್ಷ 60 ಸಾವಿರ. 50 ಲಕ್ಷವನ್ನು ಶೇ. 9ರ ಬಡ್ಡಿಗೆ ಐದು ವರ್ಷಕ್ಕೆ ಸಾಲ ಮಾಡಿದ್ದರೆ ಅಷ್ಟರಲ್ಲಿ ಬ್ಯಾಂಕಿಗೆ ಸಲ್ಲುವ ಬಡ್ಡಿಯೇ 12 ಲಕ್ಷ ದಾಟುತ್ತದೆ. ಬಡ್ಡಿಯನ್ನೂ ಖರ್ಚಿಗೆ ಹಾಕಬಹುದು, ನಿಜ. ಆದರೆ ಅಲ್ಲಿಯೂ ರೂಪಾಯಿಗೆ 31 ಪೈಸೆ ಮಾತ್ರ ಉಳಿಯುತ್ತದೆ. 69 ಪೈಸೆ ನಿಮ್ಮದೇ ಜೇಬಿನಿಂದ ಹೋಗುತ್ತದೆ. ಸ್ವಂತಕ್ಕೂ ಬಳಸುವ ಕಾರಾದರೆ ಅದರ ಖರ್ಚಿನಲ್ಲಿ ಒಂದು ಪಾಲನ್ನು ತೆರಿಗೆ ಅಧಿಕಾರಿ ತಳ್ಳಿಹಾಕಬಹುದು. ಭಾನುವಾರ ನಂದಿಬೆಟ್ಟಕ್ಕೆ ಹೋಗಿಬಂದ ಫಾಸ್ಟ್ಯಾಗ್ ವಿವರವನ್ನು ನಾನು ವ್ಯಾಪಾರದ ಓಡಾಟವೆಂದು ಸಮರ್ಥಿಸಲಾರೆ.

ಇದಕ್ಕಿಂತ ತಮಾಷೆಯ ಸಂಗತಿ ಮತ್ತೊಂದಿದೆ. 2025ರ ಸೆಪ್ಟೆಂಬರ್ 22ರಿಂದ ದೊಡ್ಡ ಕಾರುಗಳ ಮೇಲೆ ಜಿಎಸ್‌ಟಿ ಶೇ. 40. ಹಾಗಾಗಿ 60 ಲಕ್ಷದ ಎಕ್ಸ್-ಶೋರೂಂ ಬೆಲೆಯೊಳಗೆ ಸುಮಾರು 17 ಲಕ್ಷ ಜಿಎಸ್‌ಟಿಯೇ ಅಡಗಿದೆ. ಅದಕ್ಕೆ ರಾಜ್ಯದ 12 ಲಕ್ಷ ಸೇರಿಸಿ. 1 ಲಕ್ಷ 68 ಸಾವಿರ ತೆರಿಗೆ ಉಳಿಸುವ ಸಲುವಾಗಿ ಎರಡು ಸರ್ಕಾರಗಳಿಗೆ 29 ಲಕ್ಷ ತೆರಿಗೆ ಕಟ್ಟುತ್ತಿದ್ದೀರಿ ಎಂದು ನಾನು ಹೇಳಿದಾಗ ಫೋನಿನ ಆ ಕಡೆ ಸ್ವಲ್ಪ ಹೊತ್ತು ಸದ್ದಿರುವುದಿಲ್ಲ. ಬಳಿಕ, "ಜಿಎಸ್‌ಟಿ ಇನ್‌ಪುಟ್ ಸಿಗುತ್ತಲ್ವಾ ಸರ್?" ಎಂಬ ಪ್ರಶ್ನೆ ಬರುತ್ತದೆ. ಕೊಳ್ಳುವಾಗ ತೆತ್ತ ಜಿಎಸ್‌ಟಿಯನ್ನು ತಾವು ಕಟ್ಟಬೇಕಾದ ಜಿಎಸ್‌ಟಿಯಲ್ಲಿ ಕಳೆದುಕೊಳ್ಳಬಹುದೇ ಎಂದು ಅದರರ್ಥ. ಸಿಗುವುದಿಲ್ಲ. ಕಾರು ಮಾರುವ ವ್ಯಾಪಾರಿಗೆ, ಟ್ಯಾಕ್ಸಿ ಓಡಿಸುವವರಿಗೆ, ಚಾಲನೆ ಕಲಿಸುವವರಿಗೆ ಸಿಗುತ್ತದೆ; ವಾಲ್ವ್ ಬಾಡಿ ಕೊರೆಯುವವರ ಓಡಾಟದ ಕಾರಿಗೆ ಕಾನೂನೇ ಅದನ್ನು ತಡೆದಿದೆ.

ಇದೇ 60 ಲಕ್ಷಕ್ಕೆ ಒಂದು ವಿಎಂಸಿ, ಅಂದರೆ ಕಂಪ್ಯೂಟರ್ ಹಿಡಿತದಲ್ಲಿ ಲೋಹ ಕೊರೆಯುವ ಯಂತ್ರ ತಂದರೆ ಅದರ ಮೇಲಿನ ಶೇ. 18 ಜಿಎಸ್‌ಟಿ, ಅಂದರೆ 10 ಲಕ್ಷ 80 ಸಾವಿರ, ನೀವು ಕಟ್ಟಬೇಕಾದ ಜಿಎಸ್‌ಟಿಯಲ್ಲಿ ಜಮೆಯಾಗುತ್ತದೆ. ಸವಕಳಿಯ ದರ ಅದಕ್ಕೂ 15 ಇದ್ದರೂ, ಉತ್ಪಾದನೆಯಲ್ಲಿ ತೊಡಗಿದ ಸಂಸ್ಥೆಗೆ ಷರತ್ತುಗಳಿಗೆ ಒಳಪಟ್ಟು ಶೇ. 20ರ ಹೆಚ್ಚುವರಿ ಸವಕಳಿಯೂ ದೊರೆಯಬಹುದು. ಕಾರಿನ ಬದಲು ಯಂತ್ರ ಕೊಳ್ಳಿ ಎಂದು ಇದನ್ನು ಹೇಳುತ್ತಿಲ್ಲ. ಆರ್ಡರಿಲ್ಲದೆ ತಂದ ಯಂತ್ರ ಕಾರಿಗಿಂತ ದೊಡ್ಡ ಶನಿ. ತೆರಿಗೆಯೇ ಕಾರಣವಾಗಿದ್ದರೆ ಕಾರು ಕೊನೆಯ ಆಯ್ಕೆಯಾಗಬೇಕಿತ್ತು ಎಂದಷ್ಟೇ ನನ್ನ ಮಾತು.

ಕೆಲವು ವರ್ಷಗಳ ಹಿಂದೆ ಒಬ್ಬ ಗ್ರಾಹಕರು ನನ್ನನ್ನು ಕೇಳದೆಯೇ ಮಾರ್ಚ್ 30ಕ್ಕೆ ಕಾರು ತಂದು, ಮರುದಿನ ಮೈಸೂರ್‌ಪಾಕಿನ ಡಬ್ಬಿಯೊಂದಿಗೆ ಬಂದರು. ಮುಂಗಡದ ಹಣ ಎಲ್ಲಿಂದ ಬಂತೆಂದು ಕೇಳಿದೆ. ಸಿಸಿ ಖಾತೆಯಿಂದ, ಎಂದರು. ಕಚ್ಚಾ ಮಾಲಿಗೂ ಕೂಲಿಗೂ ಬ್ಯಾಂಕು ಒಂದು ಮಿತಿಯವರೆಗೆ ಸಾಲವಾಗಿ ಕೊಟ್ಟ ದುಡಿಯುವ ಬಂಡವಾಳ ಅದು. ಮೇ ತಿಂಗಳಲ್ಲಿ ಅವರ ಅತಿ ದೊಡ್ಡ ಖರೀದಿದಾರರು ಬಿಲ್ ಪಾವತಿಯನ್ನು ಎರಡು ತಿಂಗಳು ಮುಂದೂಡಿದರು. ಪೀಣ್ಯದಲ್ಲಿ ಇದು ಸುದ್ದಿಯೇ ಅಲ್ಲ. ಆದರೆ ಆ ಸಲ ಖಾತೆಯಲ್ಲಿ ಉಸಿರಾಡಲು ಜಾಗವಿರಲಿಲ್ಲ. ಸ್ಟೀಲ್ ವ್ಯಾಪಾರಿ ಸಾಲ ನಿಲ್ಲಿಸಿದರು, 15ನೇ ತಾರೀಖಿನ ಪಿಎಫ್ ತಪ್ಪಿತು, ಬ್ಯಾಂಕಿನವರು ಖಾತೆ ತಿರುವಿಹಾಕಿ ಕಾರಿನ ಮುಂಗಡ ಹೋದ ದಾರಿ ಹಿಡಿದರು. ಆ ಮನುಷ್ಯ ಸಂಬಳಕ್ಕಾಗಿ ಭಾವನ ಬಳಿ ಕೈಸಾಲ ಕೇಳಲು ಹೋದದ್ದು ಅದೇ ಕಾರಿನಲ್ಲಿ. ಭಾವ ಕಾರನ್ನು ಸುತ್ತಿ ನೋಡಿ, ಕಾಫಿ ಕೊಟ್ಟು ಕಳುಹಿಸಿದರಂತೆ.

ಹಾಗಾದರೆ ಯಾವಾಗ ಕೊಳ್ಳಬಹುದು? ಸಂಬಳದ ಇಷ್ಟು ಪಾಲು, ಆಸ್ತಿಯ ಇಷ್ಟು ಪಾಲು ಎಂಬ ಸೂತ್ರಗಳು ಸಂಬಳದವರಿಗೆ ಅಷ್ಟಿಷ್ಟು ಒಗ್ಗಬಹುದು. ತಿಂಗಳಿಗೊಂದು ಬಗೆಯ ಆದಾಯವಿರುವ ವ್ಯಾಪಾರಸ್ಥರಿಗೆ ಅವು ಕೆಲಸಕ್ಕೆ ಬರುವುದಿಲ್ಲ. ನನ್ನದು ಬೇರೆ ಪರೀಕ್ಷೆ. ವರ್ಷದ ಅಂದಾಜು ಆದಾಯ ತೆರಿಗೆಯನ್ನು ಮೊದಲೇ ಕಂತುಗಳಲ್ಲಿ ಕಟ್ಟುವ ಮುಂಗಡ ತೆರಿಗೆಯ ನಾಲ್ಕು ಗಡುವುಗಳಿವೆಯಲ್ಲ, ಜೂನ್ 15ಕ್ಕೆ ಶೇ. 15, ಸೆಪ್ಟೆಂಬರ್ 15ಕ್ಕೆ ಒಟ್ಟು 45, ಡಿಸೆಂಬರ್ 15ಕ್ಕೆ 75, ಮಾರ್ಚ್ 15ಕ್ಕೆ ಪೂರ್ತಿ, ಅವನ್ನು ಒಂದೂ ತಪ್ಪದೆ, ಸಿಸಿ ಖಾತೆಯನ್ನು ಮಿತಿಯ ಅಂಚಿಗೆ ಒಯ್ಯದೆ, ಸತತ ಎರಡು ವರ್ಷ ಕಟ್ಟಿದವರು ನನ್ನೊಡನೆ ಕಾರಿನ ಮಾತಾಡಬಹುದು. ಬ್ಯಾಲೆನ್ಸ್ ಶೀಟಿನಲ್ಲಿ ಕಾಣುವ ಲಾಭ ಬಹಳ ಸಲ ಇನ್ನೂ ವಸೂಲಾಗದ ಬಿಲ್ಲುಗಳಲ್ಲಿ, ಗೋದಾಮಿನ ಕಬ್ಬಿಣದಲ್ಲಿ ಕೂತಿರುತ್ತದೆ. ಮುಂಗಡ ತೆರಿಗೆಯನ್ನು ಮಾತ್ರ ಖಾತೆಯಲ್ಲಿರುವ ಹಣದಿಂದಲೇ ಕಟ್ಟಬೇಕು. ಗಡುವಿಗೆ ಸರಿಯಾಗಿ ಅದನ್ನು ಕಟ್ಟಬಲ್ಲವರ ಕೈಯಲ್ಲಿ ನಿಜವಾಗಿ ಹಣವಿದೆ ಎಂದರ್ಥ. ತಡವಾದ ಕಂತಿಗೆ ತಿಂಗಳಿಗೆ ಶೇ. 1ರ ಬಡ್ಡಿ ತೆರುತ್ತ, ಅದೇ ಹೊತ್ತಿಗೆ ಶೋರೂಮಿನಲ್ಲಿ ಬಣ್ಣ ಆರಿಸುತ್ತಿರುವವರಿಗೆ ನಾನು ಹೇಳುವುದೇನೂ ಇಲ್ಲ.

ಕಂತಿನ ವಿಷಯದಲ್ಲಿ ಒಂದೇ ಎಚ್ಚರಿಕೆ. 50 ಲಕ್ಷಕ್ಕೆ ಐದು ವರ್ಷದ ಕಂತು ತಿಂಗಳಿಗೆ 1 ಲಕ್ಷ 4 ಸಾವಿರದಷ್ಟಾದರೆ, ಏಳು ವರ್ಷಕ್ಕೆ ಸುಮಾರು 80 ಸಾವಿರ. ಬಡ್ಡಿ ಮಾತ್ರ ಐದೂಕಾಲು ಲಕ್ಷ ಹೆಚ್ಚು. ಇನ್ನೂ ಕಡಿಮೆ ಕಂತು ತೋರಿಸಿ, ಅಸಲಿನ ದೊಡ್ಡ ಪಾಲನ್ನು ಕೊನೆಯ ದಿನಕ್ಕೆ ತಳ್ಳುವ ಯೋಜನೆಗಳೂ ಇವೆ. ಅಂಥ ಕಾಗದಕ್ಕೆ ಸಹಿ ಹಾಕುವ ಮುನ್ನ ಕೊನೆಯ ಪುಟ ಓದಿ. ವಿಮೆಯಲ್ಲಿ ಎಂಜಿನ್ ರಕ್ಷಣೆಯ ಕಲಮು ಇದೆಯೇ ಎಂದೂ ನೋಡಿ. 2022ರ ಸೆಪ್ಟೆಂಬರಿನ ಮಳೆಯಲ್ಲಿ ಯಮಲೂರಿನ ಕಡೆ ಮುಳುಗಿದ ಕಾರುಗಳ ಚಿತ್ರಗಳು ಯಾರಿಗೂ ಮರೆತಿರಲಾರವು. ವಿದ್ಯುತ್ ಕಾರಾದರೆ ಜಿಎಸ್‌ಟಿ ಶೇ. 5, ಮತ್ತು 2024ರ ತಿದ್ದುಪಡಿಯಂತೆ 25 ಲಕ್ಷ ಮೀರಿದರೆ ಜೀವಾವಧಿ ತೆರಿಗೆ ಶೇ. 10, ಹಾಗಾಗಿ ಮೇಲಿನ ಲೆಕ್ಕ ಬಹಳಷ್ಟು ಬದಲಾಗುತ್ತದೆ. ನಮ್ಮ ರಾಜ್ಯದ ತೆರಿಗೆ ತಪ್ಪಿಸಲು ಪುದುಚೇರಿಯಲ್ಲಿ ನೋಂದಾಯಿಸುವ ಉಪಾಯವನ್ನು ದಯವಿಟ್ಟು ನನ್ನ ಮುಂದೆ ಎತ್ತಬೇಡಿ.

ಹೋದ ವರ್ಷ ಜೂನ್ ತಿಂಗಳಲ್ಲಿ ಅರವತ್ತರ ಹತ್ತಿರದ ಇನ್ನೊಬ್ಬರು ಬಂದರು; ಟರ್ನರ್ ಆಗಿ ಶುರುಮಾಡಿ ಈಗ ನಲವತ್ತು ಜನರಿಗೆ ಕೆಲಸ ಕೊಟ್ಟಿರುವವರು. ಮೊದಲ ಕಂತಿನ ಮುಂಗಡ ತೆರಿಗೆಯ ಚಲನ್ ಮೇಜಿನ ಮೇಲಿಟ್ಟು, "ಸರ್, ಟ್ಯಾಕ್ಸ್ ಉಳಿಸೋಕಲ್ಲ. ಆಸೆ, ಅಷ್ಟೇ. ನನ್ನ ಸ್ವಂತ ಹೆಸರಲ್ಲೇ ತಗೋತೀನಿ, ನನ್ನ ಎಫ್‌ಡಿ ಮುರಿದು. ಕಳ್ಕೊಳ್ಳೋದು ಎಷ್ಟು ಅಂತ ಮಾತ್ರ ಹೇಳಿ," ಎಂದರು. ಐದು ವರ್ಷದಲ್ಲಿ ಕಾರಿನ ಬೆಲೆಯ ಅರ್ಧಕ್ಕಿಂತ ಹೆಚ್ಚು ಹೋಗಬಹುದೆಂದು ಹೇಳಿದೆ. ಬೆರಳು ಮಡಚಿ ಏನೋ ಎಣಿಸಿಕೊಂಡು, "ಮಗಳ ಮದುವೆ ಮುಗಿದಿದೆ, ಶೆಡ್ಡಿನ ಸಾಲ ತೀರಿದೆ, ಹೋಗ್ಲಿ ಬಿಡಿ," ಎಂದು ನಕ್ಕರು. ಅವರ ಫೈಲಿನಲ್ಲಿ ಆ ಕಾರಿಗೆ ಸಂಬಂಧಿಸಿದಂತೆ ನಾನು ಮಾಡಬೇಕಾಗಿ ಬಂದ ಕೆಲಸ ಒಂದೇ: ಶೋರೂಮಿನವರು ಹತ್ತು ಲಕ್ಷ ಮೀರಿದ ಕಾರಿನ ಮೇಲೆ ಹಿಡಿದಿದ್ದ ಶೇ. 1ರ ಟಿಸಿಎಸ್ ಅನ್ನು, ಅಂದರೆ ಮಾರುವವರೇ ಕೊಳ್ಳುವವರಿಂದ ವಸೂಲು ಮಾಡಿ ಸರ್ಕಾರಕ್ಕೆ ಕಟ್ಟುವ ಆದಾಯ ತೆರಿಗೆಯನ್ನು, ಅವರ ರಿಟರ್ನಿನಲ್ಲಿ ಜಮೆ ತೋರಿಸಿದ್ದು. ನನ್ನ ಕಚೇರಿಗೆ ಅವರು ಈಗಲೂ ಸ್ಕೂಟರಿನಲ್ಲಿಯೇ ಬರುತ್ತಾರೆ. ನಮ್ಮ ಬೀದಿಯಲ್ಲಿ ಅಂಥ ಕಾರು ನಿಲ್ಲಿಸಲು ಜಾಗವಿಲ್ಲ ಎಂಬ ದೂರು ಮಾತ್ರ ಹೊಸದು.