ಗಡಗಡ ಅನ್ನಬೇಕು, ಟ್ರೇಲರನ್ನೂ ಎಳೆಯಬೇಕು: ಯಾವ ಕ್ಯಾಮ್ ಹಾಕಲಿ?

ಪ್ರಶ್ನೆ: ನನ್ನ ಪಿಕಪ್ ಟ್ರಕ್ಕಿನಲ್ಲಿರುವುದು ಶೆವ್ರೊಲೆ 350 (ಕ್ಯೂಬಿಕ್ ಇಂಚಿನ) ಎಂಜಿನ್, ಓವರ್‌ಡ್ರೈವ್ ಇರುವ ಆಟೊಮ್ಯಾಟಿಕ್ ಗೇರ್‌ಬಾಕ್ಸ್. ಹಿಂದಿನ ಆ್ಯಕ್ಸಲ್ ಗೇರ್ ಅನುಪಾತ 3.42, ಟೈರು 30 ಇಂಚಿನದು. ದಿನಾ ಓಡಿಸುತ್ತೇನೆ, ಆಗಾಗ ಟ್ರೇಲರ್ ಕಟ್ಟುತ್ತೇನೆ. ಐಡಲ್‌ನಲ್ಲಿ ಗಡಗಡ ಅನ್ನುವಂಥ ಒಳ್ಳೆಯ ಪರ್ಫಾರ್ಮೆನ್ಸ್ ಕ್ಯಾಮ್ (ವಾಲ್ವ್ ತೆರೆದು ಮುಚ್ಚಿಸುವ ದಂಡ) ಯಾವುದು?

ಉತ್ತರ: ಟೈರಿನ ಅಳತೆ ಬದಲಾಗುತ್ತದೆ, ಆ್ಯಕ್ಸಲ್ ಬದಲಾಗುತ್ತದೆ, ಈ ಪ್ರಶ್ನೆ ಮಾತ್ರ ಬದಲಾಗುವುದಿಲ್ಲ. ಹಾಗಾಗಿ ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ಲಿಫ್ಟರ್ (ಕ್ಯಾಮಿನ ಉಬ್ಬು, ಅಂದರೆ ಲೋಬ್, ಮೇಲೆತ್ತುವ ಭಾಗ) 0.050 ಇಂಚು ಎದ್ದಾಗಿನಿಂದ ಅಳೆದ ಡ್ಯುರೇಶನ್ (ವಾಲ್ವ್ ತೆರೆದಿರುವ ಅವಧಿ, ಕ್ರ್ಯಾಂಕ್ ತಿರುಗುವ ಡಿಗ್ರಿಗಳಲ್ಲಿ) ಇಂಟೇಕ್‌ಗೆ 204ರಿಂದ 212 ಡಿಗ್ರಿ, ಎಕ್ಸಾಸ್ಟ್‌ಗೆ ಅದಕ್ಕಿಂತ ಆರರಿಂದ ಹತ್ತು ಡಿಗ್ರಿ ಜಾಸ್ತಿ, ಲೋಬ್ ಸೆಪರೇಶನ್ (ಇಂಟೇಕ್ ಮತ್ತು ಎಕ್ಸಾಸ್ಟ್ ಲೋಬ್ ನಡುವಿನ ಕೋನ) 112 ಡಿಗ್ರಿ, ಲಿಫ್ಟ್ (ವಾಲ್ವ್ ಏಳುವ ಎತ್ತರ) 0.420ರಿಂದ 0.450 ಇಂಚು. ಇದು ಗಡಗಡ ಅನ್ನುವುದಿಲ್ಲ. ಅನ್ನಬಾರದು ಕೂಡ.

ಡಬ್ಬಿಯ ಮೇಲೆ ದೊಡ್ಡದಾಗಿ ಅಚ್ಚಾಗಿರುವ ಡ್ಯುರೇಶನ್ ನೋಡಿ ಹೋಲಿಸಲು ಹೋಗಬೇಡಿ. ಒಂದು ಕಂಪನಿ ಲಿಫ್ಟರ್ 0.004 ಇಂಚು ಎದ್ದಾಗಿನಿಂದ ಅಳೆದರೆ ಇನ್ನೊಂದು 0.006ರಿಂದ ಅಳೆಯುತ್ತದೆ. ಒಬ್ಬರ 268 ಇನ್ನೊಬ್ಬರ 268 ಅಲ್ಲ. 0.050ರ ಅಂಕಿಯನ್ನು ಎಲ್ಲರೂ ಒಂದೇ ರೀತಿ ಅಳೆಯುತ್ತಾರೆ, ಕ್ಯಾಮ್‌ಗಳನ್ನು ಅಕ್ಕಪಕ್ಕ ಇಟ್ಟು ನೋಡುವುದಕ್ಕೆ ಅದೇ ಸರಿ.

ಈಗ ಆ ಗಡಗಡದ ವಿಚಾರ. ಐಡಲ್ ಒರಟಾದಷ್ಟೂ ಎಂಜಿನ್ನಿಗೆ ಬಲ ಹೆಚ್ಚು ಎಂಬ ನಂಬಿಕೆ ಎಷ್ಟು ಸಲ ಕಿತ್ತೆಸೆದರೂ ಮತ್ತೆ ಚಿಗುರುತ್ತದೆ. ಆ ಸದ್ದು ಹುಟ್ಟುವುದೇ ಓವರ್‌ಲ್ಯಾಪ್‌ನಿಂದ, ಅಂದರೆ ಎಕ್ಸಾಸ್ಟ್ ವಾಲ್ವ್ ಪೂರ್ತಿ ಮುಚ್ಚುವ ಮುಂಚೆಯೇ ಇಂಟೇಕ್ ವಾಲ್ವ್ ತೆರೆದುಕೊಂಡು ಎರಡೂ ಒಟ್ಟಿಗೆ ತೆರೆದಿರುವ ಹೊತ್ತಿನಿಂದ. ಐಡಲ್‌ನಲ್ಲಿ ಥ್ರಾಟಲ್ ಮುಚ್ಚಿರುವುದರಿಂದ ಇಂಟೇಕ್ ಮ್ಯಾನಿಫೋಲ್ಡ್ ಒಳಗೆ ಬಲವಾದ ವ್ಯಾಕ್ಯೂಮ್ ಇರುತ್ತದೆ. ಎರಡೂ ಬಾಗಿಲು ತೆರೆದಿದ್ದರೆ ಸುಟ್ಟ ಗ್ಯಾಸು ಸೈಲೆನ್ಸರ್ ಕಡೆ ಹೋಗುವ ಬದಲು ಹಿಂದಕ್ಕೆ ಇಂಟೇಕ್ ಒಳಗೆ ನುಗ್ಗುತ್ತದೆ. ಮುಂದಿನ ಸಲ ಸಿಲಿಂಡರ್‌ಗೆ ಹೋಗುವುದು ಈ ಎಂಜಲು ಗ್ಯಾಸು ಬೆರೆತ ಮಿಶ್ರಣ. ಒಮ್ಮೆ ಅದು ಸರಿಯಾಗಿ ಹೊತ್ತಿಕೊಳ್ಳುತ್ತದೆ, ಒಮ್ಮೆ ಅರೆಬರೆ, ಒಮ್ಮೆ ಹೊತ್ತುವುದೇ ಇಲ್ಲ. ನೀವು ಕಿವಿಗೊಟ್ಟು ಖುಷಿಪಡುತ್ತಿರುವುದು ಈ ಮಿಸ್‌ಫೈರ್‌ಗಳ ಲಯಕ್ಕೆ. ತುಂಬಿದ ಕೊಡ ತುಳುಕುವುದಿಲ್ಲ ಅನ್ನುವ ಮಾತು ಸಿಲಿಂಡರ್‌ಗೂ ಸಲ್ಲುತ್ತದೆ.

ಇಷ್ಟಕ್ಕೂ ನಂಬದವರಿಗೆ ಇನ್ನೊಂದು ಸಾಕ್ಷಿ ಇದೆ. ಫ್ಯಾಕ್ಟರಿ ಕ್ಯಾಮ್ ಇರುವ ಹೊಸ ಎಂಜಿನ್ನುಗಳಲ್ಲಿ ಕಂಪ್ಯೂಟರಿನ ಐಡಲ್ ಟೈಮಿಂಗ್ ಮತ್ತು ಇಂಧನದ ಲೆಕ್ಕವನ್ನು ಬೇಕೆಂದೇ ಕೆಡಿಸಿ ಇದೇ ಗಡಗಡ ಬರಿಸುತ್ತಾರೆ. ಅದಕ್ಕೆ ಘೋಸ್ಟ್ ಕ್ಯಾಮ್ ಟ್ಯೂನ್ ಎಂದು ಹೆಸರು. ಸದ್ದು ಬರುತ್ತದೆ, ಒಂದೇ ಒಂದು ಹಾರ್ಸ್‌ಪವರ್ ಹೆಚ್ಚುವುದಿಲ್ಲ. ಕ್ಯಾಮನ್ನೇ ಮುಟ್ಟದೆ ಬರಿಸಬಹುದಾದ ಸದ್ದು ಕ್ಯಾಮಿನ ಗುಣವನ್ನು ಹೇಗೆ ಹೇಳೀತು?

"ಆದರೆ ರೇಸ್ ಎಂಜಿನ್ನುಗಳೆಲ್ಲ ಹಾಗೇ ಸದ್ದು ಮಾಡುತ್ತವಲ್ಲ" ಎನ್ನುತ್ತೀರಿ. ಮಾಡುತ್ತವೆ. ಅವು 6000 ಆರ್‌ಪಿಎಂ ಮೇಲೆ ಉಸಿರಾಡಲು ಕಟ್ಟಿದವು, ಐಡಲ್ ಹಾಳಾಗುವುದು ಅದಕ್ಕೆ ತೆರುವ ಬೆಲೆ. ನೀವು ಬೆಲೆಯನ್ನಷ್ಟೇ ತೆತ್ತು ಸರಕು ಬಿಟ್ಟು ಬರುತ್ತಿದ್ದೀರಿ, ಏಕೆಂದರೆ ನಿಮ್ಮ ಟ್ರಕ್ಕು ಆ ಆರ್‌ಪಿಎಂಗೆ ಹೋಗುವುದೇ ಇಲ್ಲ. ಲೆಕ್ಕ ಹಾಕಿ: ಗಂಟೆಗೆ 65 ಮೈಲಿ ವೇಗ, 3.42 ಆ್ಯಕ್ಸಲ್, 30 ಇಂಚಿನ ಟೈರು. 65 ಗುಣಿಸು 3.42 ಗುಣಿಸು 336 (ಮೈಲಿ, ಇಂಚುಗಳನ್ನು ಆರ್‌ಪಿಎಂಗೆ ತರುವ ಅಂಕಿ), ಅದನ್ನು 30ರಿಂದ ಭಾಗಿಸಿದರೆ ಸುಮಾರು 2490. 0.70ರ ಓವರ್‌ಡ್ರೈವ್ ಬಿದ್ದರೆ 1740 ಆರ್‌ಪಿಎಂ. 2500ಕ್ಕೆ ಕಣ್ಣು ಬಿಡುವ ಕ್ಯಾಮ್ ಹಾಕಿದರೆ ಹೆದ್ದಾರಿಯುದ್ದಕ್ಕೂ ಅದು ಮಲಗಿಯೇ ಇರುತ್ತದೆ.

ಕೆಳಗಿನ ಎಳೆತ ಎಲ್ಲಿ ಸೋರಿಹೋಗುತ್ತದೆ ಎನ್ನುವುದನ್ನೂ ಅಂಕಿಯಲ್ಲೇ ನೋಡಿ. ಕಂಪ್ರೆಶನ್ ಶುರುವಾಗುವುದು ಪಿಸ್ಟನ್ ಕೆಳಗಿನ ತುದಿಯಿಂದ ಹೊರಟಾಗ ಅಲ್ಲ, ಇಂಟೇಕ್ ವಾಲ್ವ್ ಮುಚ್ಚಿದಾಗ. 268 ಡಿಗ್ರಿಯ ಕ್ಯಾಮನ್ನು ಇಂಟೇಕ್ ಸೆಂಟರ್‌ಲೈನ್ (ಪಿಸ್ಟನ್ ಮೇಲಿನ ತುದಿ ದಾಟಿದ ಮೇಲೆ ಇಂಟೇಕ್ ಲೋಬಿನ ನಡು ಬರುವ ಡಿಗ್ರಿ) 106ಕ್ಕೆ ಕೂರಿಸಿದರೆ ವಾಲ್ವ್ ಮುಚ್ಚುವುದು ಕೆಳತುದಿ ದಾಟಿ 60 ಡಿಗ್ರಿಗೆ (134 ಕೂಡಿಸು 106, ಕಳೆ 180). 292 ಡಿಗ್ರಿಯದಾದರೆ 72ಕ್ಕೆ. 350ರ ಸ್ಟ್ರೋಕ್ 3.48 ಇಂಚು, ಕನೆಕ್ಟಿಂಗ್ ರಾಡ್ 5.7 ಇಂಚು. ಮೊದಲನೆಯದರಲ್ಲಿ ಗಾಳಿ ಒತ್ತಲು ಉಳಿಯುವುದು 2.81 ಇಂಚು, ಎರಡನೆಯದರಲ್ಲಿ 2.52. ಕಾಗದದ ಮೇಲೆ 9:1 ಇರುವ ಕಂಪ್ರೆಶನ್ ಮೊದಲನೆಯದರಲ್ಲಿ ಸುಮಾರು 7.5:1, ಎರಡನೆಯದರಲ್ಲಿ 6.8:1 ಆಗುತ್ತದೆ. ಒಳಗೆಳೆದ ಗಾಳಿಯನ್ನು ಪಿಸ್ಟನ್ನೇ ಮರಳಿ ಇಂಟೇಕ್‌ಗೆ ದಬ್ಬುತ್ತಿದೆ. ಟ್ರೇಲರ್ ಕಟ್ಟಿಕೊಂಡು ಏರು ಹತ್ತುವಾಗ ಬೇಕಾಗುವುದು ಇದೇ ಗಾಳಿ. ಲೋಬ್ ಸೆಪರೇಶನ್ ಎರಡಕ್ಕೂ 110 ಎಂದಿಟ್ಟುಕೊಂಡರೆ ಓವರ್‌ಲ್ಯಾಪ್ 48ರಿಂದ 72 ಡಿಗ್ರಿಗೆ ಏರುತ್ತದೆ. ಗಡಗಡ ಸಿಕ್ಕಿತು, ಎಳೆತ ಹೋಯಿತು.

ಜೊತೆಗೆ ವ್ಯಾಕ್ಯೂಮ್. ಸರಿಯಾಗಿರುವ ಎಂಜಿನ್ ಐಡಲ್‌ನಲ್ಲಿ 17ರಿಂದ 21 ಇಂಚು (ಪಾದರಸದ ಅಳತೆ) ತೋರಿಸುತ್ತದೆ. ದೊಡ್ಡ ಕ್ಯಾಮ್ ಅದನ್ನು 10–12ಕ್ಕೆ ಇಳಿಸಿದರೆ ಆ ವ್ಯಾಕ್ಯೂಮಿನಿಂದಲೇ ಬ್ರೇಕಿಗೆ ಬಲ ಕೊಡುವ ಬ್ರೇಕ್ ಬೂಸ್ಟರ್ ಸೋಲುತ್ತದೆ, ಪೆಡಲ್ ಕಲ್ಲಾಗುತ್ತದೆ. ಥ್ರಾಟಲ್ ಬಾಡಿ ಇಂಜೆಕ್ಷನ್ ಇರುವ ಹಳೆಯ ಟ್ರಕ್ಕಾದರೆ ಕಂಪ್ಯೂಟರ್ ಕಡಿಮೆ ವ್ಯಾಕ್ಯೂಮನ್ನು ಲೋಡ್ ಎಂದು ತಿಳಿದು ಸುಮ್ಮನೆ ಪೆಟ್ರೋಲ್ ಸುರಿಯುತ್ತದೆ. ಟ್ರೇಲರ್ ಹಿಂದಿರುವಾಗ ಬ್ರೇಕ್ ವಿಚಾರದಲ್ಲಿ ತಮಾಷೆ ಬೇಡ.

ಹಾಗಿದ್ದೂ 0.050ರಲ್ಲಿ 220 ದಾಟಲೇಬೇಕು ಎಂಬ ಹಟವಿದ್ದರೆ ಕ್ಯಾಮ್ ಒಂದನ್ನೇ ಕೊಳ್ಳಬೇಡಿ. 9.5:1ರ ಕಂಪ್ರೆಶನ್, 3.73 ಅಥವಾ 4.10ರ ಆ್ಯಕ್ಸಲ್, 2200–2500ರ ಸ್ಟಾಲ್ (ಹಿಡಿತ ಬಿಗಿಯಾಗುವ ಆರ್‌ಪಿಎಂ) ಇರುವ ಟಾರ್ಕ್ ಕನ್ವರ್ಟರ್, ಹೆಡರ್‌ಗಳು ಎಲ್ಲ ಒಟ್ಟಿಗೆ ಬರಬೇಕು. ಅರ್ಧ ಹಾಕಿದರೆ ಅರ್ಧ ಫಲವೂ ಸಿಗುವುದಿಲ್ಲ.

ಲಿಫ್ಟ್ ವಿಚಾರದಲ್ಲಿ ತಲೆಬಿಸಿ ಕಡಿಮೆ, ಒಂದು ಎಚ್ಚರ ಸಾಕು. 1996ರಲ್ಲಿ ಬಂದ, ವಾಲ್ವ್ ಕೂರುವ ಎಂಜಿನ್ನಿನ ಮೇಲ್ಭಾಗಗಳಾದ ವೋರ್ಟೆಕ್ ಹೆಡ್‌ಗಳು ಗಾಳಿ ಚೆನ್ನಾಗಿ ಬಿಡುತ್ತವೆ, ಆದರೆ ಫ್ಯಾಕ್ಟರಿ ಸ್ಥಿತಿಯಲ್ಲಿ 0.450 ದಾಟಿದರೆ ಸ್ಪ್ರಿಂಗ್ ರಿಟೇನರ್ ಕೆಳಗಿನ ವಾಲ್ವ್ ಸೀಲಿಗೆ ಬಡಿಯುವ ಭಯ. ಸ್ಪ್ರಿಂಗ್‌ಗಳನ್ನು ಕ್ಯಾಮಿಗೆ ಹೊಂದುವಂಥವೇ ಹಾಕಿ. ಪೂರ್ತಿ ಲಿಫ್ಟ್‌ನಲ್ಲಿ ಸುರುಳಿಗಳು ಒಂದಕ್ಕೊಂದು ಕೂರುವ ಮುಂಚೆ 0.060 ಇಂಚು ಉಳಿದಿರಬೇಕು.

ಯಾರೂ ಕೇಳದಿದ್ದರೂ ಇನ್ನೊಂದು ಮಾತು. ಸರಿಯಾದ ಕ್ಯಾಮ್ ಆರಿಸಿದವರೂ ಅದನ್ನು ಕೊಲ್ಲುವುದು ಮೊದಲ ಅರ್ಧ ಗಂಟೆಯಲ್ಲಿ. ರೋಲರ್ (ತಳದಲ್ಲಿ ಉರುಳೆ ಇರುವ) ಲಿಫ್ಟರ್ ಇದ್ದವರಿಗೆ ಈ ಕಾಟವಿಲ್ಲ. ಫ್ಲ್ಯಾಟ್ ಟ್ಯಾಪೆಟ್ (ಉರುಳೆಯಿಲ್ಲದ, ಚಪ್ಪಟೆ ತಳದ ಲಿಫ್ಟರ್) ಆದರೆ ಹೊಸ ಕ್ಯಾಮಿಗೆ ಹೊಸ ಲಿಫ್ಟರ್‌ಗಳೇ ಬೇಕು, ಹಳೆಯವು ಎಷ್ಟೇ ನುಣುಪಾಗಿ ಕಂಡರೂ ಬೇಡ. ಪ್ರತಿ ಲೋಬ್‌ಗೂ ಲಿಫ್ಟರ್ ತಳಕ್ಕೂ ಮಾಲಿಬ್ಡಿನಮ್ ಪೇಸ್ಟ್ ಬಳಿಯಿರಿ. ಹೊಸ ಕ್ಯಾಮನ್ನು ಪಳಗಿಸಲು ಜಿಂಕ್ ಹೆಚ್ಚಿರುವ ಬ್ರೇಕ್‌ಇನ್ ಆಯಿಲನ್ನೇ ಹಾಕಿ, ಈಗಿನ ಸಾಮಾನ್ಯ ಕಾರ್ ಆಯಿಲ್ ಸಾಲದು. ಜೋಡಿ ಸ್ಪ್ರಿಂಗ್ ಇದ್ದರೆ ಒಳಗಿನದನ್ನು ಸದ್ಯಕ್ಕೆ ತೆಗೆದಿಡಿ. ಡಿಸ್ಟ್ರಿಬ್ಯೂಟರ್ ಟೈಮಿಂಗ್ ಮೊದಲೇ ಹೊಂದಿಸಿ, ಆಯಿಲ್ ಪಂಪನ್ನು ಡ್ರಿಲ್‌ನಿಂದ ತಿರುಗಿಸಿ ಪ್ರೆಶರ್ ಬರಿಸಿ, ರೇಡಿಯೇಟರ್ ತುಂಬಿಸಿ, ಆಮೇಲಷ್ಟೇ ಕೀ ತಿರುಗಿಸಿ. ಸ್ಟಾರ್ಟರ್ ಎಳೆಯುತ್ತಲೇ ಇದ್ದು ಎಂಜಿನ್ ಹತ್ತದಿದ್ದರೆ ಪೇಸ್ಟ್ ಒರೆಸಿಹೋಗುತ್ತದೆ.

ಹತ್ತಿದ ಕೂಡಲೇ 2000ಕ್ಕೆ ಏರಿಸಿ. 2000ದಿಂದ 2500ರ ನಡುವೆ ಏರಿಳಿಸುತ್ತ 20ರಿಂದ 30 ನಿಮಿಷ ಓಡಿಸಿ. ಐಡಲ್‌ಗೆ ಬಿಡಬೇಡಿ, ಏಕೆಂದರೆ ಲೋಬ್‌ಗಳಿಗೆ ಆಯಿಲ್ ಬರುವುದು ಕ್ರ್ಯಾಂಕ್ ತಿರುಗುವಾಗ ಎರಚಿದ್ದರಿಂದ, ಐಡಲ್‌ನಲ್ಲಿ ಆ ಎರಚಲು ಸಾಲುವುದಿಲ್ಲ. ಎಲ್ಲಾದರೂ ಸೋರಿದರೆ ಎಂಜಿನ್ ಆರಿಸಿ, ಸರಿಪಡಿಸಿ, ಮತ್ತೆ ನೇರ 2000ಕ್ಕೆ ಹೋಗಿ ಉಳಿದ ನಿಮಿಷ ಮುಗಿಸಿ. ಪುಶ್‌ರಾಡ್‌ಗಳು (ಲಿಫ್ಟರಿನಿಂದ ರಾಕರಿಗೆ, ಅಂದರೆ ವಾಲ್ವ್ ಒತ್ತುವ ಸನ್ನೆಗೆ, ಬಲ ಒಯ್ಯುವ ಕಡ್ಡಿಗಳು) ತಿರುಗುತ್ತಿವೆಯೇ ಎಂದು ಜೋಡಣೆಯ ಹೊತ್ತಿನಲ್ಲೇ ಕೈಯಲ್ಲಿ ಕ್ರ್ಯಾಂಕ್ ತಿರುಗಿಸಿ ನೋಡಿಕೊಂಡಿರಬೇಕು, ತಿರುಗದ ಲಿಫ್ಟರ್ ತನ್ನ ಲೋಬನ್ನು ತಿಂದುಹಾಕುತ್ತದೆ. ಮುಗಿದ ಮೇಲೆ ಆಯಿಲ್ ಬಸಿದು, ಫಿಲ್ಟರನ್ನು ಕತ್ತರಿಸಿ, ಒಳಗಿನ ಕಾಗದದ ಮಡಿಕೆ ಬಿಡಿಸಿ ಆಯಸ್ಕಾಂತ ಆಡಿಸಿ. ಬೂದು ಬಣ್ಣದ ತೆಳು ಕೆಸರಷ್ಟೇ ಅಂಟಿದರೆ ಅದು ಪೇಸ್ಟು ಮತ್ತು ಮೊದಲ ಸವೆತ, ಚಿಂತೆಯಿಲ್ಲ. ಬೆರಳಿಗೆ ಚುಚ್ಚುವ ಮಿನುಗು ಚೂರುಗಳು ಸಿಕ್ಕರೆ ಟ್ರಕ್ಕನ್ನು ಓಡಿಸಬೇಡಿ, ವಾಲ್ವ್ ಕವರ್ ಬಿಚ್ಚಿ ಒಂದೊಂದೇ ರಾಕರ್ ಎಷ್ಟು ಏಳುತ್ತದೆ ಎಂದು ಡಯಲ್ ಗೇಜಿನಲ್ಲಿ ಅಳೆಯಿರಿ.