ಕರೆಯುವ ಹೆಸರು ಮತ್ತು ವೃತ್ತಿಜೀವನ: ವಿಶಿಯಿಂದ ಚಿಟ್ಟಾಣಿಯವರೆಗೆ

ಆಟಗಾರರ ಅಥವಾ ಕಲಾವಿದರ ವೃತ್ತಿಜೀವನವನ್ನು ಅಭ್ಯಾಸ ಮಾಡುವಾಗ, ಅವರ ಅಡ್ಡಹೆಸರು ಯಾವಾಗ ಬಂತು, ಯಾವುದರಿಂದ ಬಂತು ಎಂಬುದನ್ನು ಮೊದಲು ಗುರುತು ಹಾಕಿಕೊಳ್ಳಬೇಕು. ಉತ್ತರ ಕರ್ನಾಟಕದಲ್ಲಿ ಅಡ್ಡಹೆಸರು ಎಂದರೆ ಮನೆತನದ ಹೆಸರು. ನಮ್ಮ ಶಿವಮೊಗ್ಗದ ಕಡೆ ಅದು ಜನ ಸಲಿಗೆಯಿಂದ ಇಟ್ಟು ಕರೆಯುವ ಹೆಸರು. ಇಲ್ಲಿ ಈ ಎರಡನೆಯ ಅರ್ಥವನ್ನೇ ಇಟ್ಟುಕೊಂಡಿದ್ದೇನೆ. ಬಿರುದನ್ನು ಇದರೊಂದಿಗೆ ಬೆರೆಸಬಾರದು, ಏಕೆಂದರೆ ಬಿರುದನ್ನು ಕೊಡುತ್ತಾರೆ, ಅಡ್ಡಹೆಸರು ತಾನಾಗಿ ಅಂಟಿಕೊಳ್ಳುತ್ತದೆ.

ನಮ್ಮ ಜಿಲ್ಲೆಯ ಭದ್ರಾವತಿಯಲ್ಲಿ 1949ರಲ್ಲಿ ಹುಟ್ಟಿದ ಗುಂಡಪ್ಪ ವಿಶ್ವನಾಥ್ ಅವರನ್ನು ಕ್ರಿಕೆಟ್ ಲೋಕ ‘ವಿಶಿ’ ಎಂದು ಕರೆಯಿತು. ಇದು ಹೆಸರನ್ನು ಮೊಟಕುಗೊಳಿಸಿದ ಅಕ್ಕರೆಯ ರೂಪವಷ್ಟೇ. ಅವರ ಆಟ ಹೇಗಿತ್ತೆಂಬ ಸುಳಿವು ಅದರಲ್ಲಿ ಇಲ್ಲವಾದ್ದರಿಂದ ನಾವು ನೇರವಾಗಿ ಇನಿಂಗ್ಸ್‌ಗಳ ಬಳಿಗೇ ಹೋಗಬೇಕಾಗುತ್ತದೆ. 1969ರಲ್ಲಿ ಕಾನ್ಪುರದಲ್ಲಿ ಆಸ್ಟ್ರೇಲಿಯಾ ವಿರುದ್ಧ ಆಡಿದ ಮೊದಲ ಟೆಸ್ಟ್‌ನ ಮೊದಲ ಇನಿಂಗ್ಸ್‌ನಲ್ಲಿ ಅವರು ಸೊನ್ನೆಗೆ ಔಟಾದರು, ಎರಡನೆಯದರಲ್ಲಿ 137 ರನ್ ಹೊಡೆದರು. ಒಟ್ಟು 91 ಟೆಸ್ಟ್‌ಗಳಲ್ಲಿ 6,080 ರನ್, 14 ಶತಕ. ಆ ಶತಕಗಳು ಬಂದ ಯಾವ ಟೆಸ್ಟ್‌ನಲ್ಲೂ ಭಾರತ ಸೋಲಲಿಲ್ಲ. ಆದರೂ ನನ್ನ ಮಟ್ಟಿಗೆ ಅವರ ಅತ್ಯಂತ ದೊಡ್ಡ ಇನಿಂಗ್ಸ್ ಶತಕಗಳ ಪಟ್ಟಿಯಲ್ಲಿಲ್ಲ. 1975ರ ಜನವರಿಯಲ್ಲಿ, ಮದ್ರಾಸಿನಲ್ಲಿ, ವೆಸ್ಟ್ ಇಂಡೀಸ್‌ನ ಆಂಡಿ ರಾಬರ್ಟ್ಸ್ ಏಳು ವಿಕೆಟ್ ಕಿತ್ತು ಭಾರತವನ್ನು 190ಕ್ಕೆ ಉರುಳಿಸಿದಾಗ, ಜೊತೆಗಾರರೆಲ್ಲ ಔಟಾದ ಮೇಲೆ ವಿಶಿ 97 ರನ್ ಗಳಿಸಿ ಅಜೇಯರಾಗಿ ಉಳಿದಿದ್ದರು, ಮತ್ತು ಆ ಪಂದ್ಯವನ್ನು ಭಾರತ ಗೆದ್ದಿತು. 1980ರ ಬೊಂಬಾಯಿ ಟೆಸ್ಟ್‌ನಲ್ಲಿ ನಾಯಕರಾಗಿದ್ದಾಗ, ಅಂಪೈರ್ ಔಟ್ ಕೊಟ್ಟಿದ್ದ ಇಂಗ್ಲೆಂಡಿನ ಬಾಬ್ ಟೇಲರ್ ಅವರನ್ನು ಅವರೇ ವಾಪಸು ಕರೆದರು. ಟೇಲರ್ ಮತ್ತು ಬೋಥಮ್ 171 ರನ್‌ಗಳ ಜೊತೆಯಾಟ ಕಟ್ಟಿದರು, ಭಾರತ ಸೋತಿತು. ವಿಶ್ವನಾಥ್ ಎಂಥವರೆಂದು ತಿಳಿಯಲು ಈ ಪಂದ್ಯವನ್ನು ಓದದೆ ಬಿಡಬಾರದು.

ರಾಹುಲ್ ದ್ರಾವಿಡ್ ಅವರ ವಿಷಯ ಇದಕ್ಕೆ ತದ್ವಿರುದ್ಧ. ತಂದೆ ಜಾಮ್ ತಯಾರಿಸುವ ಕಂಪನಿಯಲ್ಲಿದ್ದುದರಿಂದ ಗೆಳೆಯರಿಗೆ ಅವರು ‘ಜ್ಯಾಮಿ’. ಲೋಕಕ್ಕೆ ಮಾತ್ರ ‘ಗೋಡೆ’. ಈ ಎರಡನೆಯ ಹೆಸರು ನಿಜವನ್ನೇ ಹೇಳುತ್ತದೆ, ಏಕೆಂದರೆ ಅವರು ಟೆಸ್ಟ್‌ಗಳಲ್ಲಿ 31,258 ಎಸೆತಗಳನ್ನು ಎದುರಿಸಿದವರು. ಆದರೆ ಅದು ಅವರ ಇನ್ನೊಂದು ಮುಖವನ್ನು ಮರೆಮಾಡುತ್ತದೆ: 1999ರ ವಿಶ್ವಕಪ್‌ನಲ್ಲಿ 461 ರನ್ ಗಳಿಸಿ ಎಲ್ಲರಿಗಿಂತ ಮುಂದಿದ್ದವರು ಅವರೇ, 2003ರಲ್ಲಿ ಹೈದರಾಬಾದಿನಲ್ಲಿ ನ್ಯೂಜಿಲೆಂಡ್ ವಿರುದ್ಧ 22 ಎಸೆತಗಳಲ್ಲಿ ಅರ್ಧಶತಕ ಹೊಡೆದವರೂ ಅವರೇ. ‘ಗೋಡೆ’ ಎಂಬ ಒಂದೇ ಪದವನ್ನು ನೆಚ್ಚಿಕೊಂಡವರಿಗೆ ಇವು ಕಾಣುವುದಿಲ್ಲ.

ರಂಗಭೂಮಿಯಲ್ಲಿ ಪಾತ್ರವೇ ಹೆಸರಾಗುವುದುಂಟು. ‘ಮುಖ್ಯಮಂತ್ರಿ’ ನಾಟಕದ ಪಾತ್ರದಿಂದ ಚಂದ್ರು ‘ಮುಖ್ಯಮಂತ್ರಿ ಚಂದ್ರು’ ಆದರು, ಮುಂದೆ ನಿಜವಾಗಿಯೂ ಶಾಸಕರಾದರು.

ಮಲೆನಾಡಿನಲ್ಲಿ ಹೆಚ್ಚಾಗಿ ಕಾಣುವುದು ಊರಿನಿಂದ ಬಂದ ಹೆಸರು. ಹೊಸನಗರ ತಾಲ್ಲೂಕಿನ ನಗರದಲ್ಲಿ 1938ರಲ್ಲಿ ಹುಟ್ಟಿದ, ವಕೀಲರಾಗಿದ್ದ ಸುಬ್ರಹ್ಮಣ್ಯ ಅವರು ‘ಶಿವಮೊಗ್ಗ ಸುಬ್ಬಣ್ಣ’ ಎಂದೇ ಪ್ರಸಿದ್ಧರಾದರು. ‘ಕಾಡು ಕುದುರೆ’ ಚಿತ್ರದ ಹಾಡಿಗೆ ಅವರಿಗೆ ಶ್ರೇಷ್ಠ ಗಾಯಕ ರಾಷ್ಟ್ರಪ್ರಶಸ್ತಿ ಬಂತು; ಅದನ್ನು ಪಡೆದ ಮೊದಲ ಕನ್ನಡ ಚಿತ್ರಗಾಯಕ ಅವರೇ. ಆದರೆ ಅವರ ನಿಜವಾದ ನೆಲೆ ಸಿನಿಮಾ ಅಲ್ಲ, ಕವಿತೆಗಳನ್ನು ಎದೆತುಂಬಿ ಹಾಡುವ ಸುಗಮ ಸಂಗೀತ.

ಯಕ್ಷಗಾನದಲ್ಲಂತೂ ಊರಿನ ಹೆಸರೊಂದೇ ಸಾಕು. ಸಾಗರ, ಹೊಸನಗರದ ಕಡೆ ರಾತ್ರಿಯಿಡೀ ಆಟ ನೋಡಿ ಬಂದವರು ‘ಚಿಟ್ಟಾಣಿ ಕೀಚಕ’ ಎಂದರೆ ಮುಗಿಯುತ್ತಿತ್ತು, ರಾಮಚಂದ್ರ ಹೆಗಡೆ ಎಂದು ಯಾರೂ ಬಿಡಿಸಿ ಹೇಳುತ್ತಿರಲಿಲ್ಲ. ಹೊನ್ನಾವರ ಸೀಮೆಯ ಈ ಬಡಗುತಿಟ್ಟಿನ (ಯಕ್ಷಗಾನದ ಉತ್ತರದ ಶೈಲಿಯ) ಕಲಾವಿದರಿಗೆ 2012ರಲ್ಲಿ ಪದ್ಮಶ್ರೀ ಬಂತು; 2017ರಲ್ಲಿ ಅವರು ತೀರಿಕೊಂಡರು. ಅವರ ಮನೆಯ ಮುಂದಿನ ತಲೆಮಾರಿನವರೂ ಅದೇ ಹೆಸರಿನಲ್ಲಿ ಗೆಜ್ಜೆ ಕಟ್ಟಿದ್ದಾರೆ. ಆದ್ದರಿಂದ ಹಳೆಯ ಆಟದ ಕರಪತ್ರದಲ್ಲಿ ‘ಚಿಟ್ಟಾಣಿ’ ಎಂದಷ್ಟೇ ಇದ್ದರೆ, ಟಿಪ್ಪಣಿ ಮಾಡಿಕೊಳ್ಳುವಾಗ ಪಕ್ಕದಲ್ಲಿ ಇಸವಿಯನ್ನೂ ಪಾತ್ರವನ್ನೂ ಬರೆದಿಟ್ಟುಕೊಳ್ಳಿ.